ಠಾಣೆಯ ಮೆಟ್ಟಿಲೇರುವಾಗ ಜೊತೆಗೊಬ್ಬರು ಬೇಕು

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಮಾನಸಿಕ ಅಸ್ವಸ್ಥರಿಗೂ ಅಂಗವಿಕಲರಿಗೂ ಕಾನೂನು ಕೊಟ್ಟಿರುವ ರಕ್ಷಣೆ ಸಣ್ಣದಲ್ಲ. ಆ ರಕ್ಷಣೆ ಕೈಗೆ ಸಿಗಬೇಕಾದ ಗಳಿಗೆಯಲ್ಲಿ ಅವರ ಪಕ್ಕದಲ್ಲಿ ಯಾರಿರುತ್ತಾರೆ?

ಭೀಮಾ ಮತ್ತು ಅಮರ್ಜಾ ನದಿಗಳ ಸಂಗಮಕ್ಕೆ ಹತ್ತಿರದ ದೇವಲ ಗಾಣಗಾಪುರ ಅಫಜಲಪುರ ತಾಲ್ಲೂಕಿನ ಊರು. ನೃಸಿಂಹ ಸರಸ್ವತಿಯವರ ನಿರ್ಗುಣ ಪಾದುಕೆಗಳ ದರ್ಶನಕ್ಕೆ ಕರ್ನಾಟಕದಷ್ಟೇ ಮಹಾರಾಷ್ಟ್ರ, ತೆಲಂಗಾಣಗಳಿಂದಲೂ ಜನ ಬರುತ್ತಾರೆ. ಮಧ್ಯಾಹ್ನದ ಹೊತ್ತು ದತ್ತನೇ ಭಿಕ್ಷೆಗೆ ಬರುತ್ತಾನೆಂಬುದು ಇಲ್ಲಿನ ನಂಬಿಕೆ. ಹಾಗಾಗಿ ಉಳ್ಳವರೂ ಜೋಳಿಗೆ ಹಿಡಿದು ಮಧುಕರಿ ಬೇಡುತ್ತಾರೆ. ಮಹಾಮಂಗಳಾರತಿಯ ಗಂಟೆ ಮೊಳಗಿದೊಡನೆ ಗುಡಿಯಲ್ಲಿ ಕೆಲವರ ಮೈ ಬಿಗಿಯುತ್ತದೆ. ಒಬ್ಬಾಕೆ ಕೂದಲು ಬಿಚ್ಚಿ ತಲೆ ತೂಗುತ್ತಾಳೆ, ಮತ್ತೊಬ್ಬ ಕೂಗುತ್ತಾ ಕಂಬ ಹತ್ತುತ್ತಾನೆ, ಇನ್ನೊಬ್ಬ ನೆಲದ ಮೇಲೆ ಹೊರಳುತ್ತಾನೆ. ಕರೆತಂದ ತಾಯಿಯೋ ಅಣ್ಣನೋ ಕೈ ಮುಗಿದು ಪಕ್ಕದಲ್ಲೇ ನಿಂತಿರುತ್ತಾರೆ. ಆರತಿ ಮುಗಿದ ಮೇಲೆ ನೀರು ಕುಡಿಸಿ, ಸೆರಗಿನಿಂದ ಮುಖ ಒರೆಸಿ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಏನಾಗಿದೆ ಎಂದು ಕೇಳಿದರೆ ಉತ್ತರ ಒಂದೇ: "ಗಾಳಿ ಸೋಂಕ್ಯಾದ್ರಿ."

ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕಿ ಮುಂದೆ ಸಾಗುವುದು ಸುಲಭ, ಆದರೆ ಅದು ಅನ್ಯಾಯ. ಕೂಲಿ ಬಿಟ್ಟು, ಸಾಲ ಮಾಡಿ, ಬಸ್ಸು ಹಿಡಿದು ಬಂದ ಈ ಮನೆಗಳಿಗೆ ರಾತ್ರಿಯೆಲ್ಲ ನಿದ್ದೆಗೆಡುವ ಮಗನನ್ನು ಎಲ್ಲಿಗೆ ಕರೆದೊಯ್ಯಬೇಕೆಂದು ಬೇರೆ ಯಾರೂ ಹೇಳಿರುವುದಿಲ್ಲ. ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕೂ ಹೆಚ್ಚು ಜನರಿಗೆ ಯಾವುದಾದರೊಂದು ಮಾನಸಿಕ ತೊಂದರೆಯಿತ್ತು. ಕಾಯಿಲೆಯಿಂದ ಕಾಯಿಲೆಗೆ ವ್ಯತ್ಯಾಸವಿದ್ದರೂ ಬಹುಪಾಲು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಯಾತ್ರಾಸ್ಥಳಗಳಿಗೆ ಬಂದವರೆಲ್ಲ ಮನೆಗೆ ಮರಳುವುದೂ ಇಲ್ಲ. ಜಾತ್ರೆಯ ನೂಕುನುಗ್ಗಲಿನಲ್ಲಿ ಕೈತಪ್ಪಿದವರು, ಸಾಕಾಗಿ ಮನೆಯವರೇ ಬಿಟ್ಟುಹೋದವರು ಅನ್ನದಾನದ ಊಟದ ಮೇಲೆ ಅಲ್ಲೇ ಉಳಿದುಬಿಡುತ್ತಾರೆ. ಅಂಥವರು ಅಂಗಡಿಯೊಂದರ ಹಣ್ಣು ಎತ್ತಿಕೊಂಡರೆ, ಬಯ್ದವರತ್ತ ಕಲ್ಲು ಬೀಸಿದರೆ ಫೋನು ಹೋಗುವುದು ಪೊಲೀಸರಿಗೆ. ನ್ಯಾಯವ್ಯವಸ್ಥೆಯಲ್ಲಿ ಅವರು ಮೊದಲು ಕಾಣುವ ಮುಖ ಕಾನ್‌ಸ್ಟೆಬಲ್‌ನದು. ಆ ಭೇಟಿ ಹೇಗೆ ನಡೆಯುತ್ತದೆ ಎಂಬುದರ ಮೇಲೆ ಅವರ ಮುಂದಿನ ಬದುಕು ನಿಂತಿರುತ್ತದೆ.

ಲಾಕಪ್‌ಗೆ ಹಾಕುವಂತಿಲ್ಲ

2018ರ ಮೇ 29ರಂದು ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಕಲಂ ಇಂಥ ಗಳಿಗೆಗೆಂದೇ ಬರೆದದ್ದು. ತನ್ನನ್ನು ತಾನು ನೋಡಿಕೊಳ್ಳಲಾಗದ ಸ್ಥಿತಿಯಲ್ಲಿ ಅಲೆಯುತ್ತಿರುವ ಮಾನಸಿಕ ಅಸ್ವಸ್ಥರನ್ನು ಠಾಣಾಧಿಕಾರಿ ತನ್ನ ರಕ್ಷಣೆಗೆ ತೆಗೆದುಕೊಳ್ಳಬೇಕು. ಏಕೆ ಕರೆದೊಯ್ಯುತ್ತಿದ್ದೇವೆಂದು ಅವರಿಗೆ ತಿಳಿಸಬೇಕು. 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಮುಟ್ಟಿಸಬೇಕು. ಯಾವ ಕಾರಣಕ್ಕೂ ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ. ಮನೆ ಗೊತ್ತಿಲ್ಲದವರಾದರೆ ನಾಪತ್ತೆ ಪ್ರಕರಣದ ಎಫ್‌ಐಆರ್ ದಾಖಲಿಸಿ ಮನೆಯವರನ್ನು ಹುಡುಕುವ ಹೊಣೆಯೂ ಠಾಣೆಯದೇ.

ಈ ಕೊನೆಯ ಮಾತು ನಮ್ಮ ಗಡಿ ತಾಲ್ಲೂಕುಗಳಿಗೆ ಬಹಳ ಮುಖ್ಯ. ಆಳಂದ, ಅಫಜಲಪುರ ಎರಡೂ ಮಹಾರಾಷ್ಟ್ರಕ್ಕೆ ಅಂಟಿಕೊಂಡಿವೆ. ಗಾಣಗಾಪುರದಲ್ಲೋ ಆಳಂದದ ಲಾಡ್ಲೆ ಮಶಾಯಕ್ ದರ್ಗಾದ ಬಳಿಯೋ ಸಿಕ್ಕ ವ್ಯಕ್ತಿಯ ಮನೆ ಸೊಲ್ಲಾಪುರ ಜಿಲ್ಲೆಯಲ್ಲಿರಬಹುದು. ಆತನ ಮಾತು ಮರಾಠಿಯಾಗಿರಬಹುದು, ದಖ್ಖನಿಯಾಗಿರಬಹುದು, ತಾಂಡಾದ ಲಂಬಾಣಿಯಾಗಿರಬಹುದು. ಹೆಸರು ಕೇಳಿದಾಗ ಉತ್ತರ ಬರಲಿಲ್ಲವೆಂದರೆ ಬುದ್ಧಿಯಿಲ್ಲವೆಂದಲ್ಲ. ಕೇಳಿದ ಭಾಷೆ ಆತನದಲ್ಲದೆಯೂ ಇರಬಹುದು. ಎಫ್‌ಐಆರ್ ಆದರೆ ಮಾತ್ರ ಎರಡು ರಾಜ್ಯಗಳ ಠಾಣೆಗಳ ನಡುವೆ ಫೋಟೊ ಓಡಾಡುತ್ತದೆ, ಎಲ್ಲೋ ಕಾಯುತ್ತಿರುವ ತಾಯಿಗೆ ಸುದ್ದಿ ಮುಟ್ಟುತ್ತದೆ. ಅಲೆಮಾರಿಯೆಂದು ಬರೆದುಕೊಂಡು ಮುಂದಿನ ಊರಿನ ಬಸ್ಸು ಹತ್ತಿಸಿದರೆ ಆ ಎಳೆ ಅಲ್ಲಿಗೇ ಹರಿಯುತ್ತದೆ.

ಬೀದಿಯಲ್ಲಿರುವವರ ಜೊತೆಗೆ ಮನೆಯೊಳಗೆ ಕಟ್ಟಿಹಾಕಿಸಿಕೊಂಡವರನ್ನೂ ಈ ಕಾಯ್ದೆ ಕಂಡಿದೆ. ಮನೆಯಲ್ಲಿ ಹಿಂಸೆಗೋ ಕಡೆಗಣನೆಗೋ ಒಳಗಾದ ಮಾನಸಿಕ ಅಸ್ವಸ್ಥರ ಸುದ್ದಿ ತಿಳಿದರೆ ಠಾಣಾಧಿಕಾರಿ ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಬೇಕು. ಅಂಗವಿಕಲರ ಮೇಲಿನ ಹಿಂಸೆಗೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇನ್ನೂ ಹತ್ತಿರದ ಬಾಗಿಲು ತೆರೆದಿದೆ: ಅದರ 7ನೇ ಕಲಮಿನಂತೆ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ದೂರು ಕೊಡಬಹುದು. ತಾಲ್ಲೂಕಿನಲ್ಲಿ ಆ ಅಧಿಕಾರವಿರುವುದು ತಹಶೀಲ್ದಾರರಿಗೆ. ಪಹಣಿ ತಿದ್ದುಪಡಿಗೆ ಅಲೆಯುವ ಅದೇ ಕಚೇರಿಯಲ್ಲಿ, ಅಂಗವಿಕಲ ತಂಗಿಯನ್ನು ಹೊಡೆಯುವ ಮನೆಯ ಮೇಲೂ ಅರ್ಜಿ ಕೊಡಬಹುದೆಂಬುದು ಎಷ್ಟು ಜನರಿಗೆ ಗೊತ್ತು?

ನಂಬಿಕೆಗೂ ಹಿಂಸೆಗೂ ನಡುವಿನ ಗೆರೆ

2001ರ ಆಗಸ್ಟ್ 6ರ ನಸುಕಿನಲ್ಲಿ ತಮಿಳುನಾಡಿನ ಎರವಾಡಿ ದರ್ಗಾದ ಬಳಿಯ ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿಹಾಕಿದ್ದ 28 ಮಾನಸಿಕ ಅಸ್ವಸ್ಥರು ಓಡಲಾಗದೆ ಸತ್ತರು. ಸುಪ್ರೀಂ ಕೋರ್ಟ್ ತಾನೇ ಮುಂದಾಗಿ ಪ್ರಕರಣ ಕೈಗೆತ್ತಿಕೊಂಡಿತು. ಸರಪಳಿ ಹಾಕುವುದು ಈಗ ಕಾನೂನಿನಲ್ಲಿ ಸ್ಪಷ್ಟವಾಗಿ ನಿಷಿದ್ಧ.

ನಮ್ಮ ಜಿಲ್ಲೆಯಲ್ಲೂ ಒಂದು ದಿನವಿದೆ, ಮರೆಯಬಾರದ್ದು. 2019ರ ಡಿಸೆಂಬರ್ 26ರಂದು ಸೂರ್ಯಗ್ರಹಣ. ಕಲಬುರಗಿ ಬಳಿಯ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂಳಲಾಯಿತು. ಗ್ರಹಣದ ಹೊತ್ತಿನಲ್ಲಿ ಹಾಗೆ ಮಾಡಿದರೆ ಕೈಕಾಲಿಗೆ ಬಲ ಬರುತ್ತದೆಂದು ಹೆತ್ತವರು ನಂಬಿದ್ದರು. ಟಿ.ವಿ.ಯಲ್ಲಿ ಆ ಮಕ್ಕಳ ಮುಖಗಳನ್ನು ಇಡೀ ದೇಶ ನೋಡಿತು. ಹೂತವರಿಗೆ ಮಕ್ಕಳ ಮೇಲೆ ದ್ವೇಷವಿರಲಿಲ್ಲ, ಅವರು ಹತಾಶರಾಗಿದ್ದರು. ಆದರೂ ಮಗುವಿನ ಮೈಮೇಲೆ ಬಿದ್ದ ಮಣ್ಣಿನ ಭಾರ ಕಡಿಮೆಯಾಗುವುದಿಲ್ಲ. ಅದಾದ ಕೆಲವೇ ದಿನಗಳಲ್ಲಿ, 2020ರ ಜನವರಿಯಲ್ಲಿ, ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರವನ್ನು ತಡೆಯುವ ರಾಜ್ಯದ 2017ರ ಕಾಯ್ದೆ ಜಾರಿಗೆ ಬಂತು. ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿಹಾಕಿ ಹೊಡೆಯುವುದೂ ಅದರಡಿ ಅಪರಾಧ. ಪೂಜೆ, ಹರಕೆ, ಪ್ರದಕ್ಷಿಣೆಗಳಿಗೆ ಅದರ ತಡೆಯಿಲ್ಲ. ಗೆರೆ ನಿಚ್ಚಳವಾಗಿದೆ: ಆರತಿಯ ಮುಂದೆ ಕೂರುವುದು ನಂಬಿಕೆ, ಹಗ್ಗ ಬಿಗಿಯುವುದು ಹಿಂಸೆ.

ನಂಬಿಕೆಗೂ ಚಿಕಿತ್ಸೆಗೂ ಒಟ್ಟಿಗೆ ಕೈಚಾಚಿದ ಉದಾಹರಣೆ ಗುಜರಾತಿನಲ್ಲಿದೆ. ಮೆಹಸಾಣಾ ಜಿಲ್ಲೆಯ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ 2008ರಿಂದ 'ದವಾ–ದುವಾ' ಎಂಬ ಕಾರ್ಯಕ್ರಮ ನಡೆದುಬಂದಿದೆ. ಹರಕೆ ಹೊತ್ತು ಬಂದವರಿಗೆ ದರ್ಗಾದ ಮುಜಾವರರೇ ಪ್ರಾರ್ಥನೆ ಮಾಡಿ, ಅಲ್ಲೇ ಆವರಣದಲ್ಲಿರುವ ಮನೋವೈದ್ಯರ ಬಳಿ ಕಳುಹಿಸುತ್ತಾರೆ. ಗಾಣಗಾಪುರದ ಗುಡಿಯ ಹತ್ತಿರವೂ ಆಳಂದದ ದರ್ಗಾದ ಹತ್ತಿರವೂ ಇಂಥದ್ದೊಂದು ಕೋಣೆ ಬೇಕು. ಅಲ್ಲಿ ವೈದ್ಯರ ಜೊತೆ ಕಾನೂನು ನೆರವಿನ ಒಬ್ಬರು ಕೂತರೆ ಅನೇಕ ಪ್ರಕರಣಗಳು ಠಾಣೆಯವರೆಗೆ ಹೋಗುವುದೇ ಇಲ್ಲ.

ಹೊಟ್ಟೆನೋವು ಎಂದು ಬರೆಸುವವರು

ಈ ಮೂರೂ ತಾಲ್ಲೂಕುಗಳು ತೊಗರಿಯ ಕಣಜದ ಭಾಗ. ಮಳೆ ಕೈಕೊಟ್ಟ ವರ್ಷ, ನೆಟೆರೋಗ ಬಂದ ವರ್ಷ, ದರ ಕುಸಿದ ವರ್ಷ ಹೊಲದ ಮನೆಗಳಲ್ಲಿ ಏನಾಗುತ್ತದೆಂದು ಇಲ್ಲಿನವರಿಗೆ ಗೊತ್ತು. ಜೀವ ಕಳೆದುಕೊಳ್ಳಲು ಹೊರಟು ಬದುಕಿ ಆಸ್ಪತ್ರೆ ಸೇರಿದವರನ್ನು ವೈದ್ಯರು ಎಂಎಲ್‌ಸಿ (ವೈದ್ಯಕೀಯ–ಕಾನೂನು ಪ್ರಕರಣ) ಎಂದು ದಾಖಲಿಸುತ್ತಾರೆ, ಪೊಲೀಸರು ಹೇಳಿಕೆಗೆ ಬರುತ್ತಾರೆ. ಕೇಸಾಗುತ್ತದೆಂಬ ಹೆದರಿಕೆಗೆ ಮನೆಯವರು 'ಹೊಟ್ಟೆನೋವು ತಾಳಲಾರದೆ' ಎಂದೋ 'ಔಷಧಿಯೆಂದು ತಿಳಿದು' ಎಂದೋ ಬರೆಸುತ್ತಾರೆ. ನಿಜವಾದ ನೋವು ಕಾಗದಕ್ಕೆ ಬರುವುದಿಲ್ಲ; ಚಿಕಿತ್ಸೆಗೂ ಬರುವುದಿಲ್ಲ.

ಆ ಹೆದರಿಕೆಗೆ ಈಗ ಕಾರಣವಿಲ್ಲ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರನ್ನು ಶಿಕ್ಷಿಸಬಾರದು ಎಂದಿತು. ಆರೈಕೆ, ಚಿಕಿತ್ಸೆ, ಪುನರ್ವಸತಿ ಕೊಡುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮಹತ್ಯೆಯ ಯತ್ನವನ್ನು ಅಪರಾಧವೆಂದಿದ್ದ ಹಳೆಯ ದಂಡ ಸಂಹಿತೆಯ 309ನೇ ಕಲಮಿಗೆ ಜಾಗವೇ ಇಲ್ಲ. ಸರ್ಕಾರಿ ನೌಕರರನ್ನು ಕರ್ತವ್ಯದಿಂದ ತಡೆಯಲೆಂದು ಬೆದರಿಕೆಯಾಗಿ ಮಾಡುವ ಯತ್ನವಷ್ಟೇ ಅಪರಾಧವಾಗಿ ಉಳಿದಿದೆ. ಹಾಸಿಗೆಯ ಪಕ್ಕ ನಿಂತ ಪೊಲೀಸರು ಹೇಳಿಕೆ ಪಡೆಯುವ ಮೊದಲು ಈ ಒಂದು ಮಾತು ಹೇಳಬೇಕು: "ನಿಮ್ಮ ಮ್ಯಾಲ ಕೇಸ್ ಆಗಂಗಿಲ್ಲ, ಖರೇ ಏನೈತಿ ಹೇಳ್ರಿ." ಬದುಕುಳಿದ ರೈತನಿಗೆ ಎರಡನೇ ಸಲ ಹಾಗಾಗದಂತೆ ತಡೆಯುವ ಕೆಲಸ ಅಲ್ಲಿಂದಲೇ ಶುರುವಾಗುತ್ತದೆ.

ಬಾಯಿಲ್ಲದವರ ಸಾಕ್ಷಿ

ಕಲಬುರಗಿಗೆ 2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಪೀಠವಾಯಿತು. ನ್ಯಾಯ ಜನರ ಹತ್ತಿರಕ್ಕೆ ಬಂತೆಂದು ಸಂಭ್ರಮಿಸಿದೆವು, ಸಂಭ್ರಮಿಸಬೇಕಾದದ್ದೇ. ಆದರೆ ಕಿವಿ ಕೇಳದ, ಮಾತು ಬಾರದ ಹೆಣ್ಣುಮಗಳಿಗೆ ತಾಲ್ಲೂಕಿನ ಜೆಎಂಎಫ್‌ಸಿ ನ್ಯಾಯಾಲಯವೂ ದೂರವೇ. ಶಾಲೆಯ ಮುಖ ನೋಡದ, ಮನೆಯೊಳಗಷ್ಟೇ ನಡೆಯುವ ಕೈಸನ್ನೆಗಳಲ್ಲಿ ಬದುಕಿದ ಆಕೆಯ ಭಾಷೆ ಅವಳ ತಾಯಿಗೆ ಗೊತ್ತು, ಕಲಿತ ಸಂಜ್ಞಾ ಭಾಷೆಯ ತಜ್ಞರಿಗೂ ಪೂರ್ತಿ ಗೊತ್ತಾಗದು.

ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಇಂಥವರಿಗೆ ದಾರಿ ಮಾಡಿದೆ. ಲೈಂಗಿಕ ಅಪರಾಧಕ್ಕೆ ತುತ್ತಾದವರು ಅಂಗವಿಕಲರಾಗಿದ್ದರೆ ದೂರು ಬರೆದುಕೊಳ್ಳಲು ಪೊಲೀಸರೇ ಅವರ ಮನೆಗೆ, ಅಥವಾ ಅವರು ಬಯಸಿದ ಜಾಗಕ್ಕೆ ಹೋಗಬೇಕು. ದುಭಾಷಿಯೋ ವಿಶೇಷ ಶಿಕ್ಷಕರೋ ಜೊತೆಗಿರಬೇಕು, ವಿಡಿಯೊ ಚಿತ್ರೀಕರಣವಾಗಬೇಕು. ಮ್ಯಾಜಿಸ್ಟ್ರೇಟರ ಮುಂದೆ ಹೀಗೆ ಕೊಟ್ಟ ಹೇಳಿಕೆಯನ್ನೇ ಮುಖ್ಯ ವಿಚಾರಣೆಯ ಹೇಳಿಕೆಯಾಗಿ ಪರಿಗಣಿಸಲಾಗುತ್ತದೆ. ಅದೇ ಸಂಕಟವನ್ನು ಆಕೆ ಮತ್ತೆ ಮೊದಲಿನಿಂದ ಹೇಳಬೇಕಿಲ್ಲ. ಸಾಕ್ಷಿ ಹೇಳಿಕೆಗೆಂದು ಅಂಗವಿಕಲರನ್ನು ಠಾಣೆಗೆ ಕರೆಸುವಂತೆಯೂ ಇಲ್ಲ, ಪೊಲೀಸರೇ ಅವರಿರುವಲ್ಲಿಗೆ ಹೋಗಬೇಕು.

2021ರ ಏಪ್ರಿಲ್ 27ರಂದು ಪಟಾನ್ ಜಮಾಲ್ ವಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪನ್ನು ಪ್ರತಿ ಠಾಣೆಯಲ್ಲೂ ಓದಿಸಬೇಕು. ಆಂಧ್ರಪ್ರದೇಶದ ದೃಷ್ಟಿಹೀನ ದಲಿತ ಯುವತಿಯೊಬ್ಬಳು ತನ್ನ ಮೇಲೆ ಅತ್ಯಾಚಾರ ಮಾಡಿದವನನ್ನು ದನಿಯಿಂದ ಗುರುತಿಸಿದ್ದಳು. ಕಣ್ಣಿಲ್ಲದವರ ಸಾಕ್ಷ್ಯವನ್ನು ಬೇರೆಯವರ ಸಾಕ್ಷ್ಯಕ್ಕಿಂತ ಕೀಳೆಂದು ಎಣಿಸುವಂತಿಲ್ಲ ಎಂದ ನ್ಯಾಯಾಲಯ, ನ್ಯಾಯಾಧೀಶರಿಗೆ, ಸರ್ಕಾರಿ ವಕೀಲರಿಗೆ, ಪೊಲೀಸರಿಗೆ ತರಬೇತಿ ಬೇಕೆಂದಿತು. ವಿಶೇಷ ಶಿಕ್ಷಕರು ಮತ್ತು ದುಭಾಷಿಗಳ ಪಟ್ಟಿ ಠಾಣೆಗಳಿಗೆ ಸಿಗುವಂತಾಗಬೇಕೆಂದಿತು. ಆ ಪಟ್ಟಿ ಜೇವರ್ಗಿಯಲ್ಲಿ, ಅಫಜಲಪುರದಲ್ಲಿ, ಆಳಂದದಲ್ಲಿ ಗೋಡೆಯ ಮೇಲೆ ಕಾಣಬೇಕು.

ಆರೋಪಿಯ ಕಟಕಟೆಯಲ್ಲಿ

ಬೌದ್ಧಿಕ ಅಂಗವೈಕಲ್ಯ ಇರುವ ಮಕ್ಕಳ ತಾಯಂದಿರು ಸಾಮಾನ್ಯವಾಗಿ ಹೇಳುವ ಮಾತೊಂದಿದೆ: "ಇಂವಗ ತಿಳಿಯಂಗಿಲ್ರಿ, ಏನ್ ಕೇಳಿದ್ರೂ ಹ್ಞೂಂ ಅಂತಾನ್ರಿ." ಠಾಣೆಯಲ್ಲಿ ಈ 'ಹ್ಞೂಂ' ಎಷ್ಟು ಅಪಾಯಕಾರಿ ಎಂದು ಯೋಚಿಸಿ. ನೀನೇ ಕದ್ದೆಯಾ? ಹ್ಞೂಂ. ಅಲ್ಲಿ ಇಟ್ಟೆಯಾ? ಹ್ಞೂಂ. ಪೊಲೀಸರ ಮುಂದಿನ ತಪ್ಪೊಪ್ಪಿಗೆಗೆ ನ್ಯಾಯಾಲಯದಲ್ಲಿ ಬೆಲೆಯಿಲ್ಲ ನಿಜ. ಆದರೆ ತನಿಖೆ ಆ ಉತ್ತರದ ಬೆನ್ನು ಹತ್ತಿ ಹೊರಟಿರುತ್ತದೆ, ನಿಜವಾದ ಕಳ್ಳನನ್ನು ಹುಡುಕುವುದು ನಿಂತಿರುತ್ತದೆ.

ಲಂಡನ್ನಿನಲ್ಲಿ 1972ರಲ್ಲಿ ನಡೆದದ್ದು ಇದೇ. ಮ್ಯಾಕ್ಸ್‌ವೆಲ್ ಕಾನ್ಫೈಟ್ ಎಂಬುವರ ಕೊಲೆಯ ಪ್ರಕರಣದಲ್ಲಿ ಮೂವರು ಹುಡುಗರು ತಪ್ಪೊಪ್ಪಿಕೊಂಡರು. ಹಿರಿಯವನಿಗೆ 18 ವರ್ಷ, ಬುದ್ಧಿಯ ಬೆಳವಣಿಗೆ ಎಂಟು ವರ್ಷದ ಮಗುವಿನದು. ಪ್ರಶ್ನಿಸುವಾಗ ಅವರ ಪಕ್ಕದಲ್ಲಿ ಮನೆಯವರು ಯಾರೂ ಇರಲಿಲ್ಲ. 1975ರಲ್ಲಿ ಅವರ ಶಿಕ್ಷೆ ರದ್ದಾಯಿತು. ಆ ಪ್ರಕರಣದ ತನಿಖೆಯಿಂದ ಹೊರಟ ಸುಧಾರಣೆ ಅಲ್ಲಿನ 1984ರ ಪೊಲೀಸ್ ಮತ್ತು ಅಪರಾಧ ಸಾಕ್ಷ್ಯ ಕಾಯ್ದೆಯಲ್ಲಿ ಗಟ್ಟಿಯಾಯಿತು: ಮಾನಸಿಕವಾಗಿ ದುರ್ಬಲರಾದವರನ್ನು ಪ್ರಶ್ನಿಸುವಾಗ ಪೊಲೀಸರಿಗೆ ಸಂಬಂಧವಿಲ್ಲದ ವಯಸ್ಕರೊಬ್ಬರು ಜೊತೆಗಿರಬೇಕು. ವಕೀಲರ ಕೆಲಸ ಬೇರೆ, ಇವರ ಕೆಲಸ ಬೇರೆ. ಪ್ರಶ್ನೆ ಅರ್ಥವಾಗಿದೆಯೇ, ನೀರು ಬೇಕೇ, ಮಾತ್ರೆಯ ಹೊತ್ತಾಯಿತೇ, ಹೆದರಿ ಹೌದೆನ್ನುತ್ತಿದ್ದಾನೆಯೇ ಎಂದು ನೋಡುವುದು ಇವರ ಕೆಲಸ.

ನಮ್ಮ ಕಾನೂನಿನಲ್ಲೂ ಅಂಥ ಒಬ್ಬರ ಜಾಗವಿದೆ. ಆರೋಪಿ ಬುದ್ಧಿಸ್ವಾಧೀನದಲ್ಲಿಲ್ಲ, ತನ್ನ ಪರವಾಗಿ ವಾದಿಸಲಾರ ಎಂದು ಕಂಡರೆ ಮ್ಯಾಜಿಸ್ಟ್ರೇಟರು ವೈದ್ಯಕೀಯ ಪರೀಕ್ಷೆ ಮಾಡಿಸಿ ವಿಚಾರಣೆ ಮುಂದೂಡಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 367ನೇ ಕಲಮಿನಿಂದ ಶುರುವಾಗುವ ಅಧ್ಯಾಯ ಹೇಳುತ್ತದೆ. ಒಳರೋಗಿಯಾಗಿ ಇರಲೇಬೇಕೆಂದಿಲ್ಲದಿದ್ದರೆ, ಅಪರಾಧ ಜಾಮೀನಿಗೆ ಅರ್ಹವಾಗಿರಲಿ ಬಿಡಲಿ, ಬಿಡುಗಡೆ ಮಾಡಬಹುದು. ಷರತ್ತು ಒಂದೇ: ಹತ್ತಿರದ ಆಸ್ಪತ್ರೆಯಲ್ಲಿ ನಿಯಮಿತವಾಗಿ ಹೊರರೋಗಿ ಚಿಕಿತ್ಸೆ ಕೊಡಿಸುತ್ತೇನೆ, ಯಾರಿಗೂ ಅಪಾಯವಾಗದಂತೆ ನೋಡಿಕೊಳ್ಳುತ್ತೇನೆ ಎಂದು ಒಬ್ಬ ಬಂಧುವೋ ಗೆಳೆಯನೋ ಮುಚ್ಚಳಿಕೆ ಬರೆದುಕೊಡಬೇಕು. ಪಹಣಿ ಹಿಡಿದು ನಿಲ್ಲುವ ಜಾಮೀನುದಾರನೂ ಇಲ್ಲದ, ಮುಚ್ಚಳಿಕೆ ಬರೆಯುವ ಬಂಧುವೂ ಇಲ್ಲದ ಮನುಷ್ಯನಿಗೆ ಆ ಬಾಗಿಲು ತೆರೆದಿದ್ದೂ ಮುಚ್ಚಿದಂತೆ.

ಹಾಗೆ ಮುಚ್ಚಿದರೆ ಏನಾಗುತ್ತದೆಂದು ಅಸ್ಸಾಮಿನ ಮಚಾಂಗ್ ಲಾಲುಂಗ್ ಅವರ ಬದುಕು ಹೇಳುತ್ತದೆ. 1951ರಲ್ಲಿ ಬಂಧನವಾದಾಗ ಅವರು ಇಪ್ಪತ್ತರ ಹರೆಯದಲ್ಲಿದ್ದರು. ತೇಜಪುರದ ಮಾನಸಿಕ ಆಸ್ಪತ್ರೆಗೆ ಸೇರಿಸಿದರು. 1967ರಲ್ಲಿ ವೈದ್ಯರು ಅವರು ಗುಣವಾಗಿದ್ದಾರೆಂದು ಬರೆದರು, ಕೇಳುವವರು ಯಾರೂ ಇರಲಿಲ್ಲ. ವಿಚಾರಣೆಯೇ ಆಗದೆ 54 ವರ್ಷ ಕಳೆದು 2005ರಲ್ಲಿ ಒಂದು ರೂಪಾಯಿಯ ಮುಚ್ಚಳಿಕೆಯ ಮೇಲೆ ಬಿಡುಗಡೆಯಾದಾಗ ಅವರಿಗೆ 77 ವರ್ಷ.

ಜೈಲು ಮನಸ್ಸಿಗೆ ಹೊಸ ಗಾಯಗಳನ್ನೂ ಮಾಡುತ್ತದೆ. ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ನಿಮ್ಹಾನ್ಸ್ ತಂಡ 5024 ಕೈದಿಗಳನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮದ್ಯ–ಮಾದಕ ವ್ಯಸನವನ್ನು ಬದಿಗಿಟ್ಟ ಮೇಲೂ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಮಾನಸಿಕ ಕಾಯಿಲೆ ಕಂಡುಬಂದಿತ್ತು. ನಮ್ಮ ಮೂರು ತಾಲ್ಲೂಕುಗಳ ಆರೋಪಿಗಳು ಹೋಗುವುದು ಕಲಬುರಗಿ ಕೇಂದ್ರ ಕಾರಾಗೃಹಕ್ಕೆ. ಒಳಹೋಗುವ ದಿನವೇ ಮನೋವೈದ್ಯಕೀಯ ತಪಾಸಣೆಯಾದರೆ ನ್ಯಾಯಾಲಯಕ್ಕೆ ಸಕಾಲದಲ್ಲಿ ವರದಿ ಹೋಗುತ್ತದೆ.

ಮನೆಯವರು ತಿಳಿದಿರಲಿ

• ಅಂಗವಿಕಲರಿಗೂ ಮಾನಸಿಕ ಅಸ್ವಸ್ಥರಿಗೂ ವಕೀಲರ ನೆರವು ಉಚಿತ. ಕಾನೂನು ನೆರವಿಗೆ 15100ಕ್ಕೆ ಕರೆ ಮಾಡಿ, ಅಥವಾ ನ್ಯಾಯಾಲಯದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಈ ಹಕ್ಕನ್ನು ಮಾನಸಿಕ ಅಸ್ವಸ್ಥರಿಗೆ ತಿಳಿಸುವುದು ಪೊಲೀಸರ ಮತ್ತು ಮ್ಯಾಜಿಸ್ಟ್ರೇಟರ ಕರ್ತವ್ಯ.
• ಮನಸ್ಸು ಕುಸಿದಾಗ ಟೆಲಿ–ಮಾನಸ್ 14416. ಕನ್ನಡದಲ್ಲಿ, ಹಗಲು ರಾತ್ರಿ, ಉಚಿತವಾಗಿ.
• ಮಾತ್ರೆ ಚೀಟಿ, ಆಸ್ಪತ್ರೆಯ ಪುಸ್ತಕ, ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡುಗಳ ನಕಲು ಬೇರೆಯಾಗಿ ಇಟ್ಟಿರಿ. ಠಾಣೆಯಲ್ಲೂ ನ್ಯಾಯಾಲಯದಲ್ಲೂ ಮೊದಲ ದಿನವೇ ಕೊಡಿ, ಸ್ವೀಕೃತಿ ಪಡೆಯಿರಿ.
• ಬೌದ್ಧಿಕ ಅಂಗವೈಕಲ್ಯವು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 'ಮಾನಸಿಕ ಕಾಯಿಲೆ'ಯಲ್ಲಿ ಸೇರಿಲ್ಲ. ಅಂಥವರ ಹಕ್ಕುಗಳಿಗೆ 2016ರ ಅಂಗವಿಕಲರ ಕಾಯ್ದೆಯನ್ನು ಹಿಡಿಯಿರಿ.

ಜೊತೆಗಾರರು ಊರಿನಲ್ಲೇ ಇದ್ದಾರೆ

ಇಷ್ಟು ಕಾನೂನುಗಳನ್ನು ಒಟ್ಟಿಗೆ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ದುಭಾಷಿ, ವಿಶೇಷ ಶಿಕ್ಷಕ, ಬಂಧು, ಗೆಳೆಯ: ಪ್ರತಿಯೊಂದು ರಕ್ಷಣೆಯೂ ಪಕ್ಕದಲ್ಲಿ ನಿಲ್ಲುವ ಒಬ್ಬ ಮನುಷ್ಯನನ್ನು ನಂಬಿಕೊಂಡಿದೆ. ಆ ಮನುಷ್ಯ ಬಾರದಿದ್ದರೆ ಕಲಂಗಳು ಪುಸ್ತಕದಲ್ಲೇ ಉಳಿಯುತ್ತವೆ.

ಕರ್ನಾಟಕದಲ್ಲಿ ಆ ಮನುಷ್ಯನನ್ನು ಹೊಸದಾಗಿ ಹುಡುಕಬೇಕಿಲ್ಲ. ಗ್ರಾಮ ಪಂಚಾಯಿತಿಗಳಲ್ಲಿ ವಿಆರ್‌ಡಬ್ಲ್ಯೂ ಎಂದೇ ಜನ ಕರೆಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯೂ ಎಂಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಇವರಲ್ಲಿ ಹೆಚ್ಚಿನವರು ಸ್ವತಃ ಅಂಗವಿಕಲರು; ಪಿಂಚಣಿ, ಕಾರ್ಡು, ಸಲಕರಣೆಗಳಿಗಾಗಿ ಮನೆಮನೆ ತಿರುಗಿ ಯಾರ ಮನೆಯಲ್ಲಿ ಯಾರಿದ್ದಾರೆ, ಯಾರ ಮಾತು ಯಾರಿಗೆ ತಿಳಿಯುತ್ತದೆ ಎಂದು ಬಲ್ಲವರು. ಕಾನೂನು ಸೇವಾ ಸಮಿತಿಗಳ ಬಳಿ ಅರೆಕಾನೂನು ಸ್ವಯಂಸೇವಕರಿದ್ದಾರೆ. ಆಶಾ ಕಾರ್ಯಕರ್ತೆಯರಿದ್ದಾರೆ. ಮನೋಚೈತನ್ಯ ಯೋಜನೆಯಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ಕ್ಲಿನಿಕ್ ನಡೆಸುವ ವ್ಯವಸ್ಥೆಯಿದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ದೇಶಕ್ಕೆ ಕೊಟ್ಟದ್ದೇ ನಮ್ಮ ಕಲ್ಯಾಣ ಕರ್ನಾಟಕ: 1985ರಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ಮಾಡಿ ತೋರಿಸಿದ ಮಾದರಿಯೇ 1996ರಿಂದ ರಾಷ್ಟ್ರೀಯ ಕಾರ್ಯಕ್ರಮವಾಯಿತು. ಊರಿನ ಆರೋಗ್ಯ ಸಿಬ್ಬಂದಿಯನ್ನೇ ತರಬೇತುಗೊಳಿಸಿದರೆ ಮನೋರೋಗಕ್ಕೆ ಊರಿನಲ್ಲೇ ಚಿಕಿತ್ಸೆ ಸಾಧ್ಯವೆಂದು ಬಳ್ಳಾರಿ ತೋರಿಸಿತು. ನ್ಯಾಯದ ವಿಷಯದಲ್ಲೂ ಅದೇ ಹಾದಿ ಹಿಡಿಯಬೇಕು.

ತೊಡಕಿರುವುದು ಇವರೆಲ್ಲ ಬೇರೆ ಬೇರೆ ಇಲಾಖೆಗಳವರು ಎಂಬಲ್ಲಿ. ಒಬ್ಬರು ಅಂಗವಿಕಲರ ಇಲಾಖೆ, ಒಬ್ಬರು ಆರೋಗ್ಯ, ಒಬ್ಬರು ನ್ಯಾಯಾಂಗ, ಒಬ್ಬರು ಗೃಹ. ರಾತ್ರಿ ಹತ್ತು ಗಂಟೆಗೆ ಒಬ್ಬನನ್ನು ಕರೆತಂದ ಪಿಎಸ್‌ಐಗೆ ಇವರಲ್ಲಿ ಒಬ್ಬರ ಫೋನ್ ನಂಬರೂ ಗೊತ್ತಿರುವುದಿಲ್ಲ.

ಇದನ್ನು ಸರಿಪಡಿಸಲು ಹೊಸ ಕಾಯ್ದೆ ಬೇಡ, ದೊಡ್ಡ ಹಣವೂ ಬೇಡ. ಮೂರೂ ತಾಲ್ಲೂಕುಗಳ ಕಾನೂನು ಸೇವಾ ಸಮಿತಿಗಳು ನ್ಯಾಯಾಧೀಶರ ಅಧ್ಯಕ್ಷತೆಯಲ್ಲೇ ನಡೆಯುತ್ತವೆ. ಅವರು ತಹಶೀಲ್ದಾರ್, ತಾಲ್ಲೂಕು ಆರೋಗ್ಯಾಧಿಕಾರಿ, ಠಾಣಾಧಿಕಾರಿಗಳು ಮತ್ತು ಎಂಆರ್‌ಡಬ್ಲ್ಯೂ ಅವರನ್ನು ಒಂದೇ ಮೇಜಿನ ಸುತ್ತ ಕೂರಿಸಲಿ. ಠಾಣೆಗೊಬ್ಬರಂತೆ ಜೊತೆಗಾರರನ್ನು ಗೊತ್ತುಪಡಿಸಿ, ಕನ್ನಡ, ಉರ್ದು, ಮರಾಠಿ, ಲಂಬಾಣಿ, ಸಂಜ್ಞಾ ಭಾಷೆ ಬಲ್ಲವರ ಹೆಸರು–ನಂಬರುಗಳನ್ನು ಠಾಣೆಯಲ್ಲಿ ಹಾಕಿಸಲಿ. ವಿಆರ್‌ಡಬ್ಲ್ಯೂಗಳಿಗೆ ಅರೆಕಾನೂನು ತರಬೇತಿ ಕೊಡಿಸಿ, ರಾತ್ರಿ ಠಾಣೆಗೆ ಬಂದ ದಿನದ ಭತ್ಯೆಯನ್ನು ತಪ್ಪದೆ ಕೊಡಲಿ. ಕಡಿಮೆ ಗೌರವಧನದಲ್ಲಿ ದುಡಿಯುವವರ ಮೇಲೆ ಸೇವೆಯ ಹೆಸರಿನಲ್ಲಿ ಇನ್ನಷ್ಟು ಭಾರ ಹೊರಿಸುವುದು ಇನ್ನೊಂದು ಅನ್ಯಾಯವಾದೀತು. ಬಂಧುಗಳಿಲ್ಲದ ಆರೋಪಿಗೆ ಮುಚ್ಚಳಿಕೆ ಬರೆದುಕೊಡಲು ಮುಂದೆ ಬರುವ ಸಂಸ್ಥೆಗಳ ಪಟ್ಟಿ ನ್ಯಾಯಾಲಯದ ಮುಂದಿರಲಿ. ಗಾಣಗಾಪುರದ ಗುಡಿ ಮತ್ತು ಆಳಂದದ ದರ್ಗಾದವರನ್ನೂ ಆ ಮೇಜಿಗೆ ಕರೆಯಲಿ, ಏಕೆಂದರೆ ಜನ ಮೊದಲು ಹೋಗುವುದು ಅವರ ಬಳಿಗೇ.

ಅಸ್ವಸ್ಥನಾದವನು, ಅಂಗವಿಕಲೆಯಾದವಳು ನಮ್ಮ ಕರುಣೆಗಾಗಿ ಠಾಣೆಯ ಬಾಗಿಲಲ್ಲಿ ನಿಂತಿಲ್ಲ. ಉಳಿದವರಿಗಿರುವಷ್ಟೇ ಹಕ್ಕು ಅವರಿಗಿದೆ, ಅದನ್ನು ಬಳಸಲು ಒಬ್ಬರ ನೆರವು ಬೇಕು ಅಷ್ಟೆ. ಆ ಒಬ್ಬರನ್ನು ಈ ಮೂರು ತಾಲ್ಲೂಕುಗಳು ಈ ವರ್ಷವೇ ನೇಮಿಸಬಹುದು. ಪ್ರತಿ ಗ್ರಾಮಸಭೆಯಲ್ಲಿ, ಪ್ರತಿ ಲೋಕ ಅದಾಲತ್ತಿನಲ್ಲಿ ನಾವು ಇದನ್ನು ಕೇಳಬೇಕು, ಕೊಡುವವರೆಗೂ ಕೇಳುತ್ತಿರಬೇಕು.